ಮಗನಿಗೆ ಶೇಂಗಾ ಆಗಲ್ಲ, ಮನೆಗೆ ಬಂದ ಹ್ಯಾಮ್‌ಸ್ಟರ್‌ಗೆ ಏನು ಹಾಕೋದು?

ಕೋಥ್ರೂಡ್ ಅಮ್ಮ, ಪುಣೆ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮದು ಮೂಲ ಧಾರವಾಡ, ಪುಣೆಗೆ ಬಂದು ಹನ್ನೊಂದು ವರ್ಷ. ಮಗನಿಗೆ ಎಂಟು ವರ್ಷ. ಅವನಿಗೆ ಶೇಂಗಾ ಆಗುವುದಿಲ್ಲ, ಗೋಡಂಬಿಯೂ ಆಗುವುದಿಲ್ಲ. ಮೂರು ವರ್ಷದವನಿದ್ದಾಗ ಯಾರೋ ಕೈಗೆ ಚಿಕ್ಕಿ ತುಂಡು ಕೊಟ್ಟರು, ಆ ರಾತ್ರಿ ಪೂರ್ತಿ ಆಸ್ಪತ್ರೆಯಲ್ಲೇ ಕಳೆದೆವು. ಅಂದಿನಿಂದ ಮನೆಯಲ್ಲಿ ಶೇಂಗಾ ಹೋಳಿಗೆ ಇಲ್ಲ, ಶೇಂಗಾ ಚಟ್ನಿ ಪುಡಿ ಇಲ್ಲ. ಎಣ್ಣೆಗಾಯಿಗೂ ಎಳ್ಳು, ಒಣಕೊಬ್ಬರಿಯೇ. ಧಾರವಾಡದವರ ಮನೆ ಅಂದರೆ ಯಾರೂ ನಂಬುವುದಿಲ್ಲ.

ಕಳೆದ ತಿಂಗಳು ಮಗಳ ಹುಟ್ಟುಹಬ್ಬಕ್ಕೆ ಅವಳ ಸೋದರಮಾವ ಒಂದು ಹ್ಯಾಮ್‌ಸ್ಟರ್ ತಂದುಕೊಟ್ಟ, ಇಲಿಯಂಥ ಸಣ್ಣ ಸಾಕುಪ್ರಾಣಿ. ಹೆಸರು ಗುಂಡ. ಅಂಗಡಿಯವನು ಜೊತೆಗೆ ಒಂದು ಕಿಲೋ ಕಾಳು ಕಟ್ಟಿಕೊಟ್ಟಿದ್ದ. ಸುಮ್ನೆ ಪ್ಲಾಸ್ಟಿಕ್ ಚೀಲ, ಮೇಲೆ ಏನೂ ಬರೆದಿಲ್ಲ. ಒಳಗೆ ಸಜ್ಜೆ, ಸೂರ್ಯಕಾಂತಿ ಬೀಜ, ಬಣ್ಣ ಬಣ್ಣದ ಪೆಲೆಟ್ ಅಂದರೆ ಒತ್ತಿ ಮಾಡಿದ ಗುಳಿಗೆ ಕಂಡವು. ಶೇಂಗಾ ಕಣ್ಣಿಗೆ ಬೀಳಲಿಲ್ಲ. ನಾನೂ ಜಾಸ್ತಿ ಯೋಚಿಸಲಿಲ್ಲ.

ಮೊನ್ನೆ ಭಾನುವಾರ ಅಕ್ಕ ತಮ್ಮ ಸೇರಿ ಪಂಜರ ಸ್ವಚ್ಛ ಮಾಡಿದರು. ಹತ್ತು ನಿಮಿಷದಲ್ಲಿ ಮಗನ ಎರಡೂ ಮುಂಗೈ ಮೇಲೆ ಕೆಂಪು ಗಂಧೆ. ಕಣ್ಣು ಉಜ್ಜಿಕೊಂಡಿದ್ದನಂತೆ, ಒಂದು ರೆಪ್ಪೆ ಊದಿಕೊಂಡಿತು. ಉಸಿರಾಟಕ್ಕೆ ಏನೂ ಆಗಲಿಲ್ಲ, ಪುಣ್ಯ. ಸೋಪು ಹಚ್ಚಿ ತೊಳೆಸಿ, ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ದ ಔಷಧಿ ಕುಡಿಸಿದೆ. ಒಂದು ತಾಸಿನಲ್ಲಿ ಇಳಿಯಿತು.

ಆಮೇಲೆ ನಾನೇ ಕೂತು ಪಂಜರದ ಮೂಲೆ ಕೆದಕಿದೆ. ಗುಂಡ ಮಲಗುವ ಮರದ ಗೂಡಿನ ಹಿಂದೆ, ಹಾಸಿನ ಅಡಿಯಲ್ಲಿ, ಒಂದು ಮುಷ್ಟಿ ದಾಸ್ತಾನು. ಅದರಲ್ಲಿ ಏಳು ಶೇಂಗಾ. ಕೆಂಪು ಸಿಪ್ಪೆ ಅರ್ಧ ಸುಲಿದಿತ್ತು, ತುದಿಯನ್ನು ಕಡಿದು ಕಡಿದು ಪುಡಿ ಮಾಡಿಟ್ಟಿದ್ದ. ಚೀಲದಿಂದ ಬಟ್ಟಲಿಗೆ ಬಿದ್ದದ್ದನ್ನೆಲ್ಲ ಮೊದಲು ಇವನೇ ಆರಿಸಿಕೊಂಡು ಬಚ್ಚಿಟ್ಟಿದ್ದಾನೆ. ಇನ್ನು ನನಗೆ ಬಟ್ಟಲಲ್ಲಿ ಎಲ್ಲಿ ಕಾಣಬೇಕು?

ಗುಂಡನನ್ನು ವಾಪಸ್ ಕೊಡಬೇಡ ಅಂತ ಮಗಳು ಎರಡು ದಿನದಿಂದ ಅಳುತ್ತಿದ್ದಾಳೆ. ಶೇಂಗಾ, ಗೋಡಂಬಿ, ಬಾದಾಮಿ ಏನೂ ಸೋಕದ ಆಹಾರ ಇಲ್ಲಿ ಸಿಗುತ್ತದಾ? ಅವೆಲ್ಲ ಇಲ್ಲದೆ ಹ್ಯಾಮ್‌ಸ್ಟರ್ ಬದುಕುತ್ತದಾ?

ಗಿನಿಪಿಗ್ ಅಪ್ಪ, ವಾಶಿ

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಧಾರಾಳವಾಗಿ ಬದುಕುತ್ತದೆ ಅಕ್ಕ. ಶೇಂಗಾದಲ್ಲಿ ಸುಮಾರು ಅರ್ಧ ಬರೀ ಎಣ್ಣೆ. ಗುಂಡನ ಗಾತ್ರದ ಪ್ರಾಣಿಗೆ ಅದು ನಮಗೆ ದಿನಾ ಜಿಲೇಬಿ ತಿನ್ನಿಸಿದ ಹಾಗೆ. ಅಂಗಡಿಯವರು ಹಾಕುವುದು ಪ್ಯಾಕೆಟ್ ತುಂಬಿದ ಹಾಗೆ ಕಾಣಲಿ, ಪ್ರಾಣಿ ಓಡಿ ಬಂದು ತಿನ್ನಲಿ ಅಂತ.

ನಮ್ಮ ಮನೆಯಲ್ಲಿ ಎರಡು ಗಿನಿಪಿಗ್ ಇವೆ. ನಾದಿನಿ ಮಗಳಿಗೆ ಶೇಂಗಾ ಅಲರ್ಜಿ, ವಾರಕ್ಕೊಮ್ಮೆ ಬರುತ್ತಾಳೆ. ನಮಗೆ ಈ ತಲೆನೋವು ಬರಲಿಲ್ಲ, ಯಾಕೆಂದರೆ ಗಿನಿಪಿಗ್‌ಗೆ ಕಾಳು, ಬೀಜ ಹಾಕಲೇಬಾರದು. ಮುಕ್ಕಾಲು ಪಾಲಿಗಿಂತ ಹೆಚ್ಚು ಒಣಹುಲ್ಲು, ಸ್ವಲ್ಪ ಪೆಲೆಟ್, ಮೇಲೆ ಸೊಪ್ಪು ತರಕಾರಿ. ಮನುಷ್ಯರ ಹಾಗೆ ಅದಕ್ಕೂ ವಿಟಮಿನ್ ಸಿ ಒಳಗೆ ತಯಾರಾಗುವುದಿಲ್ಲ, ಹಾಗಾಗಿ ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ ಬೇಕೇ ಬೇಕು. ಹ್ಯಾಮ್‌ಸ್ಟರ್ ಹಾಗಲ್ಲ, ಅದು ಕಾಳೂ ತಿನ್ನುತ್ತದೆ, ಹುಳವನ್ನೂ ತಿನ್ನುತ್ತದೆ. ನಿಮ್ಮ ಕಷ್ಟ ಇರುವುದೇ ಕಾಳಿನಲ್ಲಿ.

ಗುಂಡ ದೊಡ್ಡ ಜಾತಿಯ ಸಿರಿಯನ್ನಾ, ಸಣ್ಣ ಜಾತಿಯ ಡ್ವಾರ್ಫಾ? ಡ್ವಾರ್ಫ್ ಆದರೆ ಹಣ್ಣು, ಬೆಲ್ಲ ಇರುವ ತಿಂಡಿ ದೂರ ಇಡಿ. ಅವುಗಳಲ್ಲಿ ಕೆಲವು ಜಾತಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ.

ಡೊಂಬಿವಲಿ ಸಿಸ್ಟರ್

ನಾನು ನರ್ಸ್, ಡಾಕ್ಟರ್ ಅಲ್ಲ. ಆದರೂ ಆಹಾರದ ಮಾತಿಗೆ ಮೊದಲು ಎರಡು ಮಾತು.

ಆ ಪಂಜರದ ಹತ್ತಿರ ಸದ್ಯ ಮಗನನ್ನು ಬಿಡಬೇಡಿ. ಅಲರ್ಜಿ ಡಾಕ್ಟರಿಗೆ ಭಾನುವಾರದ ಕಥೆ ಪೂರ್ತಿ ಹೇಳಿ. ಶೇಂಗಾ ಸಿಕ್ಕಿತು ಅಂದ ಮಾತ್ರಕ್ಕೆ ಶೇಂಗಾದಿಂದಲೇ ಆಯಿತು ಅಂತ ಈಗಲೇ ತೀರ್ಮಾನ ಮಾಡಬೇಡಿ. ಹ್ಯಾಮ್‌ಸ್ಟರಿನ ಎಂಜಲು, ಮೂತ್ರ, ಮೈಯಿಂದ ಉದುರುವ ಹೊಟ್ಟಿನಿಂದಲೂ ಅಲರ್ಜಿ ಬರುತ್ತದೆ. ಹ್ಯಾಮ್‌ಸ್ಟರ್ ಕಚ್ಚಿ ಉಸಿರು ಕಟ್ಟಿದ ಪ್ರಕರಣಗಳೂ ವೈದ್ಯಕೀಯ ದಾಖಲೆಯಲ್ಲಿವೆ. ಹಾಸಿದ ಮರದ ಪುಡಿಯಿಂದಲೂ ಗಂಧೆ ಏಳಬಹುದು. ನೀವು ಆಹಾರ ಮಾತ್ರ ಬದಲಾಯಿಸಿ ನಿಶ್ಚಿಂತೆ ಆಗಿಬಿಟ್ಟರೆ ಕಷ್ಟ.

ಇನ್ನೊಂದು ಮಾತು ಕೈ ತೊಳೆಯುವುದರ ಬಗ್ಗೆ. ಸ್ಯಾನಿಟೈಜರ್ ಹಚ್ಚಿಕೊಂಡರೆ ಶೇಂಗಾದ ಪ್ರೋಟೀನ್ ಹೋಗುವುದಿಲ್ಲ. ಅದು ಕ್ರಿಮಿಗೆ, ಪ್ರೋಟೀನಿಗಲ್ಲ. ಬರೀ ನೀರೂ ಸಾಲದು. ಸೋಪು ಹಚ್ಚಿ, ಉಜ್ಜಿ, ನೀರು ಬಿಟ್ಟು ತೊಳೆಯಬೇಕು. ಹುರಿದರೂ ಈ ಪ್ರೋಟೀನ್ ಹಾಳಾಗುವುದಿಲ್ಲ, ಹಾಗಾಗಿ ಹುರಿದದ್ದು ತಾನೇ ಅಂತ ಯಾರಾದರೂ ಅಂದರೆ ನಂಬಬೇಡಿ.

ಮಾತ್ರೆ, ಸಿರಪ್ ತುರಿಕೆಗೆ, ಗಂಧೆಗೆ ಸರಿ. ಉಸಿರು ಕಟ್ಟುವುದು, ಗಂಟಲು ಬಿಗಿಯುವುದು, ಮತ್ತೆ ಮತ್ತೆ ವಾಂತಿ, ತಲೆ ತಿರುಗಿ ಬೀಳುವುದು ಇದ್ದರೆ ಸಿರಪ್ ಹುಡುಕುತ್ತಾ ಕೂರಬಾರದು. ಡಾಕ್ಟರ್ ಹೇಳಿಕೊಟ್ಟ ಹಾಗೆ ಅಡ್ರಿನಲಿನ್ ಇಂಜೆಕ್ಷನ್ ತೊಡೆಯ ಹೊರಬದಿಗೆ ಕೊಟ್ಟು, 108ಕ್ಕೆ ಕರೆ ಮಾಡಿ. ನಿಮಗಿದು ಗೊತ್ತಿರುತ್ತದೆ. ಓದುವ ಬೇರೆಯವರಿಗಾಗಿ ಬರೆದೆ.

ಅಂಧೇರಿ ಆಫೀಸ್

ಸ್ವಲ್ಪ ಅತಿ ಆಗುತ್ತಿದೆ ಅನಿಸುವುದಿಲ್ವಾ? ಇಲಿಯ ಊಟದಲ್ಲಿ ಏಳು ಶೇಂಗಾ. ಹುಡುಗ ತಿಂದಿಲ್ಲವಲ್ಲ. ಲೋಕಲ್ ಟ್ರೇನಿನಲ್ಲಿ ಎದುರಿನವನು ಶೇಂಗಾ ತಿನ್ನುತ್ತಿರುತ್ತಾನೆ, ಹಾಗಂತ ಟ್ರೇನ್ ಹತ್ತುವುದು ಬಿಡುತ್ತೀರಾ?

ಡೊಂಬಿವಲಿ ಸಿಸ್ಟರ್

ಅರ್ಧ ಸರಿ ಹೇಳಿದಿರಿ ಸರ್. ಶೇಂಗಾದ ವಾಸನೆಯಲ್ಲಿ ಪ್ರೋಟೀನ್ ಇರುವುದಿಲ್ಲ, ವಾಸನೆಯಿಂದ ಅಪಾಯ ಆಗುವುದಿಲ್ಲ. ಪಕ್ಕದವರು ತಿಂದರು ಅಂತ ಓಡಿಹೋಗಬೇಕಾಗಿಲ್ಲ.

ಆದರೆ ಇಲ್ಲಿ ಇರುವುದು ಪುಡಿ. ಪ್ರಾಣಿ ಕಡಿದು ಪುಡಿ ಮಾಡಿದ್ದು ಹಾಸಿನಲ್ಲಿ, ಅದರ ಮೈಮೇಲೆ ಇರುತ್ತದೆ. ಹುಡುಗ ಅದನ್ನು ಕೆದಕಿ, ಆ ಕೈಯನ್ನೇ ಕಣ್ಣಿಗೆ ಒಯ್ದಿದ್ದಾನೆ. ಬಾಯಿಗೆ ಒಯ್ಯುವುದು ಎಷ್ಟು ದೂರ? ಎಂಟು ವರ್ಷದ ಮಗು ದಿನಕ್ಕೆ ಎಷ್ಟು ಸಲ ಬಾಯಿಗೆ ಬೆರಳು ಹಾಕುತ್ತದೆ ಅಂತ ನಿಮ್ಮ ಮನೆಯಲ್ಲೇ ಎಣಿಸಿ ನೋಡಿ.

ಹಳೇ ಲ್ಯಾಬ್ ಕಾಕಾ, ಪುಣೆ

ನಾನು ಇಪ್ಪತ್ತೆರಡು ವರ್ಷ ಒಂದು ಸಂಶೋಧನಾ ಸಂಸ್ಥೆಯ ಪ್ರಾಣಿ ವಿಭಾಗದಲ್ಲಿದ್ದೆ. ಇಲಿ, ಹ್ಯಾಮ್‌ಸ್ಟರ್, ಗಿನಿಪಿಗ್ ಎಲ್ಲದಕ್ಕೂ ತಿನ್ನಿಸಿದ್ದೇನೆ. ಈಗ ನಿವೃತ್ತ, ಬೇಕಾದಷ್ಟು ಪುರುಸೊತ್ತು ಇದೆ. ಅದಕ್ಕೇ ಉದ್ದ ಬರೆಯುತ್ತೇನೆ.

ನೀವೆಲ್ಲ ಶೇಂಗಾ ಕಾಳನ್ನು ಹುಡುಕುತ್ತಿದ್ದೀರಿ. ಕಾಳು ಕಣ್ಣಿಗೆ ಕಾಣುತ್ತದೆ, ಆರಿಸಿ ತೆಗೆಯಬಹುದು. ಕಾಣದಿರುವುದು ಶೇಂಗಾ ಹಿಂಡಿ. ಮರಾಠಿಯಲ್ಲಿ ಪೇಂಡ್ ಅನ್ನುತ್ತಾರೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನ್ ಜಾಸ್ತಿ. ನಮ್ಮ ದೇಶದಲ್ಲಿ ದನ, ಕೋಳಿ, ಇಲಿ ಯಾವುದರ ಆಹಾರಕ್ಕೂ ಅದನ್ನು ಹಾಕುವುದು ಹಳೆಯ ಪದ್ಧತಿ. ಅಲರ್ಜಿ ಮಾಡುವುದು ಎಣ್ಣೆಯಲ್ಲ, ಪ್ರೋಟೀನ್. ಎಣ್ಣೆ ಹಿಂಡಿದ ಮೇಲೆ ಆ ಪ್ರೋಟೀನ್ ಹೆಚ್ಚುಕಡಿಮೆ ಎಲ್ಲ ಹಿಂಡಿಯಲ್ಲೇ ಉಳಿದಿರುತ್ತದೆ. ಒಂದು ಹಸಿರು ಪೆಲೆಟ್ ಕೈಯಲ್ಲಿ ಹಿಡಿದು ಒಳಗೆ ಹಿಂಡಿ ಇದೆಯಾ ಅಂತ ಯಾರೂ ಹೇಳಲಾರರು.

ಪ್ಯಾಕೆಟ್ ಮೇಲೆ ಕ್ರೂಡ್ ಪ್ರೋಟೀನ್ 16 ಶೇಕಡಾ ಅಂತ ಇರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಪ್ರಯೋಗಾಲಯದಲ್ಲಿ ನೈಟ್ರೋಜನ್ ಎಷ್ಟಿದೆ ಅಂತ ಅಳೆದು, ಅದನ್ನು 6.25ರಿಂದ ಗುಣಿಸಿ ಆ ಅಂಕಿ ಬರೆಯುತ್ತಾರೆ. ಸೋಯಾದ್ದೋ, ಶೇಂಗಾದ್ದೋ, ಮೀನಿನದ್ದೋ ಅಂತ ಆ ಲೆಕ್ಕಕ್ಕೆ ಗೊತ್ತಿಲ್ಲ. ಹೊರದೇಶದ ಪ್ಯಾಕೆಟ್ ಮೇಲೆ ಸಸ್ಯಮೂಲದ ಉತ್ಪನ್ನಗಳು, ಸಸ್ಯ ಪ್ರೋಟೀನ್ ಸಾರ ಅನ್ನುವ ಗುಂಪಿನ ಹೆಸರು ಬರೆದಿರುತ್ತಾರೆ. ಅಂಥ ಪ್ಯಾಕೆಟ್ ನಿಮ್ಮ ಮನೆಗೆ ಬೇಡ. ಗೋಧಿ, ಓಟ್ಸ್, ಸೋಯಾ ಅಂತ ಒಂದೊಂದನ್ನೂ ಹೆಸರಿಟ್ಟು ಬರೆದಿರುವುದೇ ಬೇಕು. ಸೋಯಾ ಕೂಡ ಬೇಳೆ ಜಾತಿ, ಶೇಂಗಾ ಕೂಡ ಬೇಳೆ ಜಾತಿ. ಆದರೂ ಶೇಂಗಾ ಆಗದವರಲ್ಲಿ ಹೆಚ್ಚಿನವರಿಗೆ ಸೋಯಾ ಆಗುತ್ತದೆ. ನಿಮ್ಮ ಹುಡುಗನದನ್ನು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಹಿಂಡಿಯ ಮಾತು ಬಂತು ಅಂತ ಒಂದು ಹಳೇ ಕಥೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ಹುಡುಕಿದರೆ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದಕ್ಕೆ ಬೂಸ್ಟು ಹಿಡಿದಿತ್ತು. ಅಫ್ಲಾಟಾಕ್ಸಿನ್ ಅನ್ನುವ ವಿಷ ಬೆಳಕಿಗೆ ಬಂದದ್ದೇ ಹಾಗೆ. ಇದಕ್ಕೂ ಅಲರ್ಜಿಗೂ ಸಂಬಂಧ ಇಲ್ಲ. ಆದರೆ ಬಿಡಿಯಾಗಿ ಮಾರುವ, ಎಷ್ಟು ದಿನದ್ದೋ ಗೊತ್ತಿಲ್ಲದ ಶೇಂಗಾವನ್ನು ಇಲಿಗೆ ಹಾಕಬೇಡಿ ಅಂತ ಹೇಳುವುದಕ್ಕೆ ನನಗೆ ಇದೊಂದೇ ಕಾರಣ ಸಾಕು. ಅಲರ್ಜಿ ಇಲ್ಲದ ಮನೆಗೂ ಇದೇ ಮಾತು.

ಕೋಥ್ರೂಡ್ ಅಮ್ಮ, ಪುಣೆ

ಕಾಕಾ, ಓದಿ ಮೈ ಜುಮ್ಮೆಂದಿತು. ನಿನ್ನೆಯಷ್ಟೇ ಎರಡು ಬ್ರಾಂಡೆಡ್ ಪ್ಯಾಕೆಟ್ ತಂದಿದ್ದೆ. ಒಂದರ ಮೇಲೆ ಧಾನ್ಯ, ಬೀಜ, ಸಸ್ಯ ಪ್ರೋಟೀನ್ ಅಂತ ಮಾತ್ರ ಇದೆ. ಇನ್ನೊಂದರ ಮೇಲೆ ಏನೇನಿದೆ ಅನ್ನುವ ಪಟ್ಟಿಯೇ ಇಲ್ಲ, ಮುದ್ದಾದ ಹ್ಯಾಮ್‌ಸ್ಟರ್ ಫೋಟೋ ಮಾತ್ರ ದೊಡ್ಡದಾಗಿದೆ. ನಾವು ತಿನ್ನುವ ಬಿಸ್ಕೆಟ್ ಮೇಲೆ ನಟ್ಸ್ ಇರಬಹುದು ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಇದರ ಮೇಲೆ ಯಾಕೆ ಬರೆಯುವುದಿಲ್ಲ?

ಗುಂಡ ಸಿರಿಯನ್, ಅಡುಗೆಮನೆ ತಕ್ಕಡಿಯಲ್ಲಿ 130 ಗ್ರಾಂ.

ಮಾಟುಂಗಾ ಮಾಮಿ, ಮುಂಬೈ

ಅದಕ್ಕೆ ಉತ್ತರ ನನ್ನ ಹತ್ತಿರ ಇದೆ. ನನಗೂ ವಾಲ್‌ನಟ್ ಆಗುವುದಿಲ್ಲ, ಹಾಗಾಗಿ ಲೇಬಲ್ ಓದಿ ಓದಿಯೇ ಕನ್ನಡಕದ ನಂಬರ್ ಏರಿದ್ದು.

ಬಿಸ್ಕೆಟ್‌ಗೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ತಂದ ಲೇಬಲ್ ನಿಯಮ ಇದೆ. ಶೇಂಗಾ, ಮರದ ನಟ್ಸ್, ಹಾಲು, ಮೊಟ್ಟೆ, ಸೋಯಾ, ಗ್ಲೂಟನ್ ಇರುವ ಧಾನ್ಯ, ಮೀನು, ಏಡಿ-ಸಿಗಡಿ, ಸಲ್ಫೈಟ್ ಇದ್ದರೆ ಬೇರೆಯಾಗಿ ಹೇಳಬೇಕು. ಆದರೆ ಅದು ಮನುಷ್ಯರು ತಿನ್ನುವುದಕ್ಕೆ. ಹ್ಯಾಮ್‌ಸ್ಟರ್ ಆಹಾರ ಮನುಷ್ಯರ ಆಹಾರ ಅಲ್ಲವಲ್ಲ. ಅಮೆರಿಕದಲ್ಲೂ ಇದೇ ಕಥೆ. ಅವರ 2004ರ ಅಲರ್ಜಿ ಲೇಬಲ್ ಕಾಯ್ದೆ ಪ್ರಾಣಿಗಳ ಆಹಾರಕ್ಕೆ ತಾಗುವುದಿಲ್ಲ. ಮುಟ್ಟುವುದು, ಬಡಿಸುವುದು, ಪುಡಿಯನ್ನು ಉಸಿರಲ್ಲಿ ಎಳೆದುಕೊಳ್ಳುವುದು ನಾವೇ ಅಂತ ಯಾರ ತಲೆಗೂ ಹೊಳೆದಿಲ್ಲ.

ಅದಕ್ಕೇ ನನ್ನ ಸಲಹೆ ಒಂದೇ. ಗುಂಡನ ಕಾಳನ್ನು ಪ್ರಾಣಿಗಳ ಅಂಗಡಿಯಿಂದ ತರಬೇಡಿ, ನಿಮ್ಮ ಮನೆ ಕಿರಾಣಿಯಿಂದ ತನ್ನಿ. ಸಾದಾ ಓಟ್ಸ್, ನವಣೆ, ಸಜ್ಜೆ, ರಾಗಿ. ಸೀಲ್ ಆದ ಪ್ಯಾಕೆಟ್, ಇಡೀ ಕಾಳು. ಓಟ್ಸ್ ಪ್ಯಾಕೆಟ್ ತಿರುಗಿಸಿ ನೋಡಿ. ಅದೇ ಕಂಪನಿ ಬಾದಾಮಿ ಹಾಕಿದ ಮ್ಯೂಸ್ಲಿಯನ್ನೂ ಮಾಡುತ್ತಿದ್ದರೆ ಮೇ ಕಂಟೇನ್, ಅಂದರೆ ನಟ್ಸ್ ಇರಬಹುದು ಅಂತ ಬರೆದಿರಬಹುದು. ಅಂಥದ್ದು ಬಿಟ್ಟು ಬೇರೆ ತೆಗೆದುಕೊಳ್ಳಿ.

ಇಡೀ ಕಾಳೇ ಯಾಕೆ ಅಂದರೆ ಅದನ್ನು ಹರಡಿ, ಕಣ್ಣಾಡಿಸಿ, ತೊಳೆದು, ಬಿಸಿಲಿಗೆ ಒಣಗಿಸಬಹುದು. ಹಿಟ್ಟು, ರವೆ, ನುಚ್ಚು ತೊಳೆಯುವುದಕ್ಕೆ ಬರುತ್ತದಾ? ಗಿರಣಿಯಲ್ಲಿ ನಿಮ್ಮ ಮುಂದಿನವರು ಏನು ಬೀಸಿಸಿಕೊಂಡು ಹೋದರೋ ಯಾರಿಗೆ ಗೊತ್ತು. ಉಪವಾಸದ ದಿನ ಬಂತೆಂದರೆ ಇಲ್ಲಿ ಎಲ್ಲರ ಮಿಕ್ಸರ್‌ನಲ್ಲೂ ಶೇಂಗಾ ಕೂಟ್ ಅಂದರೆ ಪುಡಿ ಇರುತ್ತದೆ, ಸಾಬುದಾಣೆ ಖಿಚಡಿಗೆ. ಬಿಡಿಯಾಗಿ ತೂಗಿ ಕೊಡುವ ಅಂಗಡಿಯೂ ಬೇಡ. ಸಜ್ಜೆ ಚೀಲಕ್ಕೂ ಶೇಂಗಾ ಚೀಲಕ್ಕೂ ಒಂದೇ ಸೇರು ಹಾಕಿ ತೆಗೆಯುತ್ತಾನೆ.

ಅಂಗಡಿಯಲ್ಲಿ ಕೇಳುವಾಗ ಮರಾಠಿ ಹೆಸರು ಗೊತ್ತಿರಲಿ: ನವಣೆಗೆ ರಾಳೆ, ಸಜ್ಜೆಗೆ ಬಾಜ್ರಿ, ರಾಗಿಗೆ ನಾಚ್ಣಿ, ಅಗಸೆಗೆ ಜವಸ್, ಕುಸುಬೆಗೆ ಕರ್ಡಈ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನವಣೆ ಕೇಳಿ ಕೇಳಿ ಅಂಗಡಿಯವನ ಕೈಯಲ್ಲಿ ನಗಿಸಿಕೊಂಡವಳು.

ಹಳೇ ಲ್ಯಾಬ್ ಕಾಕಾ, ಪುಣೆ

ಮಾಮಿ ಹೇಳಿದ್ದು ಒಪ್ಪುತ್ತೇನೆ, ಒಂದು ತಿದ್ದುಪಡಿ ಜೊತೆ. ಬರೀ ಕಾಳು ಹಾಕಿದರೆ ಗುಂಡ ತನಗೆ ರುಚಿಯಾದದ್ದನ್ನು ತಿಂದು ಉಳಿದದ್ದು ಬಿಡುತ್ತಾನೆ. ವಿಟಮಿನ್, ಖನಿಜ, ಪ್ರೋಟೀನ್ ಕಡಿಮೆ ಬೀಳುತ್ತದೆ. ಒಳ್ಳೆಯ ಪೆಲೆಟ್ ಊಟದ ಬುಡ, ಕಾಳು ಪಲ್ಯದ ಹಾಗೆ. ಗಿನಿಪಿಗ್ ಪೆಲೆಟ್ ತಂದು ಹಾಕಬೇಡಿ, ಅದು ಹುಲ್ಲಿನದ್ದು, ಹ್ಯಾಮ್‌ಸ್ಟರ್‌ಗೆ ಸಾಲದು.

ಪೆಲೆಟ್ ಕಂಪನಿಗಳಿಗೆ ಮೇಲ್ ಬರೆಯಿರಿ. ನಟ್ಸ್ ಇದೆಯಾ ಅಂತ ಮಾತ್ರ ಕೇಳಿದರೆ ಇಲ್ಲ ಅನ್ನುತ್ತಾರೆ, ಯಾಕೆಂದರೆ ಹಿಂಡಿಯನ್ನು ಅವರು ನಟ್ಸ್ ಅಂದುಕೊಳ್ಳುವುದೇ ಇಲ್ಲ. ಶೇಂಗಾ ಹಿಂಡಿ, ಶೇಂಗಾ ಸಿಪ್ಪೆ, ಶೇಂಗಾ ಎಣ್ಣೆ ಅಂತ ಬಿಡಿಸಿ ಕೇಳಿ. ಅದೇ ಯಂತ್ರದಲ್ಲಿ ಗಿಳಿ ಆಹಾರ ತುಂಬಿಸುತ್ತೀರಾ ಅಂತಲೂ ಕೇಳಿ. ಗಿಳಿ ಆಹಾರದಲ್ಲಿ ಶೇಂಗಾ ಇದ್ದೇ ಇರುತ್ತದೆ.

ಹಾಸನ್ನೂ ಮರೆಯಬೇಡಿ. ಕೋಳಿ ಫಾರಂಗಳಲ್ಲಿ ಶೇಂಗಾ ಸಿಪ್ಪೆಯನ್ನು ಕೆಳಗೆ ಹಾಸುತ್ತಾರೆ, ಅಗ್ಗ ಅಂತ. ಮರದ ಹೊಟ್ಟು ಅಂತ ಬಿಡಿಯಾಗಿ ಕೊಡುವುದರಲ್ಲಿ ಏನು ಬೆರೆತಿದೆ ಅಂತ ನೋಡಿ. ಕಾಗದದ ಹಾಸು ಒಳ್ಳೆಯದು.

ವಾಸ್ಕೋ ವಾಸಿ, ಗೋವಾ

ಗೋವಾದಿಂದ ನನ್ನದೂ ಒಂದು ಸೇರಿಸಿ. ಇಲ್ಲಿ ಗೋಡಂಬಿಯೇ ದೊಡ್ಡ ಕಷ್ಟ. ನನ್ನ ಹೆಂಡತಿಗೆ ಗೋಡಂಬಿ ಆಗುವುದಿಲ್ಲ, ಗೋವಾದಲ್ಲಿ ಗೋಡಂಬಿ ಇಲ್ಲದ ಉಡುಗೊರೆಯೇ ಇಲ್ಲ. ಅಕ್ಕ, ಗೋಡಂಬಿ ಆಗದಿದ್ದರೆ ಪಿಸ್ತಾ ಕೂಡ ಸಾಮಾನ್ಯವಾಗಿ ಆಗುವುದಿಲ್ಲ, ಎರಡೂ ಒಂದೇ ಕುಟುಂಬ. ಪ್ರಾಣಿಗಳ ತಿಂಡಿಯಲ್ಲಿ ಎರಡನ್ನೂ ನೋಡಿಕೊಳ್ಳಿ. ಜೇನು ಹಚ್ಚಿದ ಕಡ್ಡಿ ಅಂತ ಮಾರುತ್ತಾರಲ್ಲ, ಕಚ್ಚುವುದಕ್ಕೆ ಅಂತ, ಅದರಲ್ಲಿ ನಟ್ಸ್ ಚೂರು ಅಂಟಿಸಿರುವುದನ್ನು ನಾನೇ ನೋಡಿದ್ದೇನೆ.

ಕೊಬ್ಬರಿ ಬಗ್ಗೆ ಯಾರೋ ಕೇಳುತ್ತಾರೆ ಅಂತ ಮೊದಲೇ ಹೇಳುತ್ತೇನೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ ತೆಂಗನ್ನು ಮರದ ನಟ್ಸ್ ಪಟ್ಟಿಯಿಂದ ತೆಗೆದಿದೆ. ಬೇರೆ ನಟ್ಸ್ ಆಗದವರಲ್ಲಿ ಹೆಚ್ಚಿನವರಿಗೆ ತೆಂಗು ಆಗುತ್ತದೆ. ಗುಂಡನಿಗೆ ಮಾತ್ರ ಕೊಬ್ಬರಿ ಜಾಸ್ತಿ ಬೇಡ, ಅದೂ ಎಣ್ಣೆಯೇ.

ಇನ್ನು ಮಳೆಗಾಲ. ಪುಣೆ ಪರವಾಗಿಲ್ಲ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಳಿಗೆ ಹದಿನೈದು ದಿನದಲ್ಲಿ ಬೂಸ್ಟಿನ ವಾಸನೆ ಬರುತ್ತದೆ. ಅರ್ಧ ಕಿಲೋಗಿಂತ ಜಾಸ್ತಿ ತರಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಣ ಚಮಚ.

ಗಿನಿಪಿಗ್ ಅಪ್ಪ, ವಾಶಿ

ನಾನು ಗಿನಿಪಿಗ್ ಸುಲಭ ಅಂತ ಬರೆದೆ, ಅದಕ್ಕೆ ಒಂದು ಬಾಲ ಸೇರಿಸಬೇಕು. ಆ ಒಣಹುಲ್ಲಿನ ಪುಡಿಗೆ ನನಗೇ ದಿನಾ ಮೂಗು ಸೋರುತ್ತದೆ. ಅದಕ್ಕೆ ಹಾಕುವ ಟಿಮೋತಿ ಹುಲ್ಲಿನ ಪರಾಗ ಅಲರ್ಜಿಗೆ ಹೆಸರುವಾಸಿ. ಹುಡುಗನಿಗೆ ದಮ್ಮು ಇದ್ದರೆ ಗುಂಡನ ಬದಲು ಗಿನಿಪಿಗ್ ತರೋಣ ಅಂತ ಅವಸರ ಮಾಡಬೇಡಿ.

ಕೋಥ್ರೂಡ್ ಅಮ್ಮ, ಪುಣೆ

ಐದು ದಿನ ಆಯಿತು, ಆಗಿದ್ದು ಹೇಳುತ್ತೇನೆ.

ಶನಿವಾರ ಮಗನನ್ನು ಅಜ್ಜಿ ಜೊತೆ ಕೆಳಗೆ ಪಾರ್ಕಿಗೆ ಕಳಿಸಿ, ನಾನು ಮತ್ತು ಮನೆಯವರು ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತೆವು. ಹಳೆ ಹಾಸು, ಮರದ ಗೂಡು, ಕಚ್ಚುವ ಕಟ್ಟಿಗೆ, ಮರಳು ಎಲ್ಲ ಎರಡು ಚೀಲದಲ್ಲಿ ಕಟ್ಟಿ ಹೊರಗೆ. ಗೂಡು ಬಿಸಾಡುವಾಗ ಮನೆಯವರು 450 ರೂಪಾಯಿ ಅಂತ ಗೊಣಗಿದರು. ಮರದ ಸಂದಿಯಲ್ಲಿ ಸೇರಿದ್ದು ಹೋಗುವುದಿಲ್ಲ ಅಂತ ನಾನು ಬಿಡಲಿಲ್ಲ. ಪಂಜರ, ಚಕ್ರ, ನೀರಿನ ಬಾಟಲಿ ಸೋಪು ಹಾಕಿ ಬಿಸಿನೀರಿನಲ್ಲಿ ಎರಡು ಸಲ ತೊಳೆದೆವು. ನೆಲ ಪೊರಕೆಯಿಂದ ಗುಡಿಸಲಿಲ್ಲ, ಪುಡಿ ಹಾರುತ್ತದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ಅಷ್ಟೂ ಹೊತ್ತು ಗುಂಡ ಒಂದು ಖಾಲಿ ಬಕೆಟ್‌ನಲ್ಲಿದ್ದ. ಅವನ ಮುಖ ಒಂದು ಬದಿಗೆ ಊದಿದ ಹಾಗೆ ಇತ್ತು. ಮಗಳು ಹಲ್ಲು ನೋವು ಅಂದಳು. ಅರ್ಧ ತಾಸು ಆದ ಮೇಲೆ ಗುಂಡ ಬಕೆಟ್ ಮೂಲೆಗೆ ಹೋಗಿ ಮುಂಗಾಲಿನಿಂದ ಕೆನ್ನೆಯನ್ನು ಹಿಂದಿನಿಂದ ಮುಂದಕ್ಕೆ ಒತ್ತಿದ. ಮೂರು ಸೂರ್ಯಕಾಂತಿ ಬೀಜ ಬಿದ್ದವು, ಆಮೇಲೆ ಒಂದು ಪೆಲೆಟ್, ಕೊನೆಗೆ ಒಂದು ಇಡೀ ಶೇಂಗಾ, ಒದ್ದೆಯಾಗಿ ಹೊಳೆಯುತ್ತಾ. ಪಂಜರ ಅಷ್ಟು ತೊಳೆದು, ಇವನನ್ನು ಹಾಗೇ ಒಳಗೆ ಬಿಟ್ಟಿದ್ದರೆ ಏನು ಪ್ರಯೋಜನ? ಹ್ಯಾಮ್‌ಸ್ಟರ್ ಸಾಕುವವರು ಆ ಕೆನ್ನೆ ಚೀಲ ನೆನಪಿಡಿ.

ಕಾಕಾ, ಒಂದು ಸಂಶಯ. ಆಹಾರ ಒಮ್ಮೆಲೇ ಬದಲಾಯಿಸಬಾರದು, ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಳೆಯದನ್ನು ಬಿಸಾಡಿಬಿಟ್ಟೆ.

ಹಳೇ ಲ್ಯಾಬ್ ಕಾಕಾ, ಪುಣೆ

ಬಿಸಾಡಿದ್ದೇ ಸರಿ. ಬೆರೆಸುವ ಮಾತು ಅಲರ್ಜಿ ಇಲ್ಲದ ಮನೆಗೆ. ಹಳೆ ಚೀಲದಲ್ಲಿ ಏನೇನು ಇತ್ತೋ ಅದರಲ್ಲಿ ನಿಮಗೆ ಆಗುವ ಸಜ್ಜೆ, ಸೂರ್ಯಕಾಂತಿಯನ್ನು ಹೊಸ ಪ್ಯಾಕೆಟ್‌ನಿಂದ ತಂದು ಹಾಕಿ, ನಾಲಿಗೆಗೆ ಗುರುತಿನದ್ದು ಸಿಗುತ್ತದೆ. ಸೂರ್ಯಕಾಂತಿ ದಿನಕ್ಕೆ ಎರಡು ಮೂರು ಬೀಜ, ಅಷ್ಟೇ. ಸಿರಿಯನ್‌ಗೆ ದಿನಕ್ಕೆ ಎಲ್ಲ ಸೇರಿ ಒಂದು ದೊಡ್ಡ ಚಮಚ, ಸುಮಾರು 10 ಗ್ರಾಂ. ವಾರಕ್ಕೆ ಎರಡು ಸಲ ಬೇಯಿಸಿದ ಮೊಟ್ಟೆಯ ಬಿಳಿಭಾಗ, ಕಡಲೆಕಾಳಿನಷ್ಟು ತುಂಡು. ಅದನ್ನು ಬಚ್ಚಿಟ್ಟರೆ ಅದೇ ದಿನ ತೆಗೆಯಿರಿ, ಕೊಳೆಯುತ್ತದೆ.

ಎರಡು ದಿನಕ್ಕೊಮ್ಮೆ ತೂಗಿ. ಹಿಕ್ಕೆ ಗಟ್ಟಿ ಇದೆಯಾ ನೋಡಿ. ಭೇದಿಯಾಗಿ ಬಾಲದ ಸುತ್ತ ಒದ್ದೆ ಕಂಡರೆ ಅದೇ ದಿನ ಪ್ರಾಣಿ ಡಾಕ್ಟರ್ ಹತ್ತಿರ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಹಾಸು ಪೂರ್ತಿ ಬದಲಾದರೆ ತನ್ನ ವಾಸನೆ ಸಿಗದೆ ಅದಕ್ಕೆ ಗಾಬರಿ ಆಗುತ್ತದೆ. ಮೂರ್ನಾಲ್ಕು ದಿನ ಎತ್ತಬೇಡಿ. ನೀರಿನಲ್ಲಿ ಸ್ನಾನ ಮಾಡಿಸಬೇಡಿ. ಹೊಸ ಮರಳು ಇಡಿ, ತಾನೇ ಹೊರಳಿ ಮೈ ತೊಳೆದುಕೊಳ್ಳುತ್ತದೆ.

ಅಂಧೇರಿ ಆಫೀಸ್

ಆ ಬಕೆಟ್ ಕಥೆ ಓದಿ ನನ್ನ ಮಾತು ವಾಪಸ್ ತೆಗೆದುಕೊಂಡೆ ಮೇಡಂ.

ಕೋಥ್ರೂಡ್ ಅಮ್ಮ, ಪುಣೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಪೆಲೆಟ್‌ಗೆ ಮೂರು ಕಡೆ ಮೇಲ್ ಬರೆದೆ. ಒಂದು ಕಂಪನಿಯಿಂದ ಉತ್ತರವೇ ಇಲ್ಲ. ಇನ್ನೊಂದು, ಪೆಲೆಟ್‌ನಲ್ಲಿ ಶೇಂಗಾ ಇಲ್ಲ, ಆದರೆ ಅದೇ ಸಾಲಿನಲ್ಲಿ ಗಿಳಿ ಮಿಶ್ರಣ ತುಂಬಿಸುತ್ತೇವೆ ಅಂತ ಪ್ರಾಮಾಣಿಕವಾಗಿ ಬರೆಯಿತು. ಕಾಕಾ ಹೇಳದಿದ್ದರೆ ನಾನು ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಮೂರನೆಯವರು ಶೇಂಗಾ, ಹಿಂಡಿ, ನಟ್ಸ್ ಯಾವುದೂ ಕಾರ್ಖಾನೆ ಒಳಗೇ ಬರುವುದಿಲ್ಲ ಅಂತ ಬರೆದು, ಪೂರ್ತಿ ಪಟ್ಟಿ ಕಳಿಸಿದರು. ಬೆಲೆ ಜಾಸ್ತಿ, ಆದರೆ ಗುಂಡ ತಿನ್ನುವುದು ಎಷ್ಟು ಮಹಾ. ಹೆಸರು ಇಲ್ಲಿ ಹಾಕುತ್ತಿಲ್ಲ. ಇವತ್ತು ಹೀಗಿದೆ, ನಾಳೆ ಅವರು ಗಿಳಿ ಆಹಾರ ಶುರು ಮಾಡಿದರೆ ನನ್ನ ಮಾತು ನಂಬಿದವರು ಏನು ಮಾಡಬೇಕು? ನೀವೇ ಕೇಳಿ ತಿಳಿದುಕೊಳ್ಳಿ. ನಾನೂ ಪ್ರತಿ ಹೊಸ ಪ್ಯಾಕೆಟ್ ಓದುತ್ತೇನೆ.

ಡಾಕ್ಟರ್ ಹತ್ತಿರ ಹೋಗಿಬಂದೆವು. ಶೇಂಗಾದ ಪುಡಿಯೇ ಇರಬಹುದು, ಆದರೂ ಪ್ರಾಣಿಯದ್ದಲ್ಲ ಅಂತ ಈಗಲೇ ಹೇಳಲಾಗುವುದಿಲ್ಲ ಅಂದರು. ಅವರು ಹೇಳಿದ ಹಾಗೆ ಎರಡು ವಾರ ಬಿಟ್ಟು, ನಮ್ಮ ಎದುರಿಗೇ ಗುಂಡನ ಪಂಜರದ ಹತ್ತಿರ ಬಿಡುತ್ತಿದ್ದೇವೆ. ಇನ್ನೂ ಎತ್ತಿಕೊಳ್ಳುವುದಕ್ಕೆ ಬಿಟ್ಟಿಲ್ಲ. ಇಲ್ಲಿತನಕ ಗಂಧೆ ಎದ್ದಿಲ್ಲ. ಪಂಜರ ಮಕ್ಕಳ ಕೋಣೆಯಿಂದ ಹಾಲ್‌ಗೆ ಬಂತು, ತೊಳೆಯುವ ಕೆಲಸ ಮಗಳಿಗೆ ಮಾತ್ರ.

ಇಷ್ಟೆಲ್ಲ ಮಾಡಿ, ಕಳೆದ ಮಂಗಳವಾರ ಏನಾಯಿತು ಗೊತ್ತಾ? ಅಡುಗೆಮನೆಯಿಂದ ಬರುತ್ತೇನೆ, ನಮ್ಮ ಕೆಲಸದ ಮಾವಶಿ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನ ತುದಿಯಿಂದ ಎರಡು ಹುರಿದ ಶೇಂಗಾ ಬಿಚ್ಚುತ್ತಿದ್ದರು. ಖಾ ರೇ ಬಾಳಾ ಅಂತ. ಕೈಯಲ್ಲಿದ್ದ ಲೋಟ ಬಿಟ್ಟು ಓಡಿದೆ. ಅವರ ತಪ್ಪೇನಿಲ್ಲ. ಮಗನಿಗೆ ಆಗುವುದಿಲ್ಲ ಅಂತ ಅವರಿಗೆ ಗೊತ್ತು, ಇಲಿಗೂ ಕೊಡಬಾರದು ಅಂತ ನಾನು ಹೇಳಿಯೇ ಇರಲಿಲ್ಲ. ಪ್ರೀತಿಯಿಂದ ತಂದಿದ್ದರು. ಈಗ ಪಂಜರದ ಮೇಲೆ ಮಗಳು ಮರಾಠಿಯಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದಾಳೆ, ಶೇಂಗದಾಣೆ ನಕೋ. ಪಕ್ಕದಲ್ಲೇ ಒಂದು ಸಣ್ಣ ಡಬ್ಬಿ, ಅದರಲ್ಲಿ ಕುಂಬಳಕಾಯಿ ಬೀಜ. ಬಂದವರಿಗೆ ಏನಾದರೂ ಕೊಡಬೇಕು ಅನಿಸಿದರೆ ಅದರಿಂದ ಒಂದು ಕೊಡಲಿ ಅಂತ.

ಡೊಂಬಿವಲಿ ಸಿಸ್ಟರ್

ಆ ಡಬ್ಬಿ ಒಳ್ಳೆಯ ಉಪಾಯ. ಕೊಡಬೇಡಿ ಅಂದರೆ ಯಾರೂ ಕೇಳುವುದಿಲ್ಲ, ಇದನ್ನು ಕೊಡಿ ಅಂದರೆ ಕೇಳುತ್ತಾರೆ. ಸಂಕ್ರಾಂತಿಗೆ ಎಚ್ಚರ. ಎಳ್ಳು-ಬೆಲ್ಲದಲ್ಲಿ, ಇಲ್ಲಿಯ ತಿಳ್‌ಗೂಳ್ ಉಂಡೆಯಲ್ಲಿ ಶೇಂಗಾ ಬರುತ್ತದೆ, ಮಕ್ಕಳು ಅದೇ ಕೈಯಲ್ಲಿ ಗುಂಡನನ್ನು ಮಾತಾಡಿಸುವುದಕ್ಕೆ ಬರುತ್ತಾರೆ. ಆ ದಿನ ಪಂಜರ ಒಳಗಿನ ಕೋಣೆಯಲ್ಲಿಡಿ.

ಮಾಟುಂಗಾ ಮಾಮಿ, ಮುಂಬೈ

ಈಗ ದಾಸ್ತಾನಿನಲ್ಲಿ ಏನಿದೆ ಗುಂಡನದು? ಕೆದಕಿ ನೋಡಿದಿರಾ?

ಕೋಥ್ರೂಡ್ ಅಮ್ಮ, ಪುಣೆ

ನೋಡದೆ ಇರುತ್ತೇನಾ ಮಾಮಿ, ಪ್ರತಿ ಭಾನುವಾರ ಮಗಳು ನೋಡಿ ಬರೆದಿಡುತ್ತಾಳೆ. ಈ ವಾರ ಹದಿನಾಲ್ಕು ಪೆಲೆಟ್, ಒಂದು ಚಿಟಿಕೆ ಸಜ್ಜೆ, ಆರು ಕುಂಬಳಕಾಯಿ ಬೀಜ, ಮತ್ತೆ ನನ್ನ ಮಗನ ಕಂಪಾಸ್ ಪೆಟ್ಟಿಗೆಯ ರಬ್ಬರ್ ತುಂಡು. ಅದು ಅಲ್ಲಿಗೆ ಹೇಗೆ ಹೋಯಿತು ಅಂತ ಇಬ್ಬರೂ ಬಾಯಿ ಬಿಡುತ್ತಿಲ್ಲ.

ವಾಸ್ಕೋ ವಾಸಿ, ಗೋವಾ

ಅಕ್ಕ, ನವಣೆ ಬರೀ ಕಾಳು ಸಿಕ್ಕಿತಾ, ತೆನೆ ಸಮೇತ ಸಿಗುತ್ತದಾ? ತೆನೆ ಕಟ್ಟಿಬಿಟ್ಟರೆ ಹತ್ತಿ ಹತ್ತಿ ತಿನ್ನುತ್ತದೆ, ನೋಡುವುದಕ್ಕೇ ಚೆಂದ.

ಕೋಥ್ರೂಡ್ ಅಮ್ಮ, ಪುಣೆ

ಪುಣೆಯಲ್ಲಿ ನನಗೆ ಕಾಳು ಮಾತ್ರ ಸಿಕ್ಕಿದ್ದು. ತೆನೆ ಊರಿಂದ ಬರುತ್ತಿದೆ, ಅಣ್ಣನಿಗೆ ಹೇಳಿದ್ದೇನೆ. ಹೊಲದಿಂದ ನೇರ ಒಂದು ಹೊಸ ಬಟ್ಟೆ ಚೀಲಕ್ಕೆ ಹಾಕು, ಮನೆಯಲ್ಲಿರುವ ಚೀಲ ಯಾವುದನ್ನೂ ಮುಟ್ಟಬೇಡ ಅಂದಿದ್ದೇನೆ. ನಮ್ಮ ಊರಿನ ಮನೆಯಲ್ಲಿ ಶೇಂಗಾ ತುಂಬಿಡದ ಚೀಲ ಒಂದೂ ಇಲ್ಲ.